ಯೀಸ್ಟ್ ಸ್ಟಾರ್ಟರ್‌ಗೆ ಗಾಜೋ ಪ್ಲಾಸ್ಟಿಕ್ಕೋ?

ಮನೆಯಲ್ಲಿ ಬಿಯರ್ ಮಾಡುವ ಗೆಳೆಯರು ಸ್ಟಾರ್ಟರ್‌ಗೆ (ಅಂದರೆ ಬಿಯರಿಗೆ ಹಾಕುವ ಮೊದಲು ಯೀಸ್ಟನ್ನು ಬೆಳೆಸಿಕೊಳ್ಳುವ ಸಣ್ಣ ಹುದುಗಿಗೆ) ಯಾವ ಫ್ಲಾಸ್ಕ್ ತಗೊಳ್ಳಲಿ ಎಂದರೆ ನಾನು ಮೊದಲು ಕೇಳುವುದು ಇದು: ವರ್ಟ್, ಅಂದರೆ ಮಾಲ್ಟಿನ ಸಿಹಿ ನೀರು, ಎಲ್ಲಿ ಕುದಿಸುತ್ತೀರಿ? ಫ್ಲಾಸ್ಕಿನಲ್ಲೇ ಕುದಿಸುವವರಿಗೆ ಗಾಜು ಬಿಟ್ಟು ಬೇರೆ ದಾರಿಯಿಲ್ಲ. ಪಾತ್ರೆಯಲ್ಲಿ ಕುದಿಸಿ, ಆರಿಸಿ, ಸುರಿದುಕೊಳ್ಳುವವರಿಗೆ ಪ್ಲಾಸ್ಟಿಕ್ ಧಾರಾಳ ಸಾಕು. ನಾನು ಎರಡನೇ ಗುಂಪಿನವನು. ಆದರೂ ನನ್ನ ಕಪಾಟಿನಲ್ಲಿ ಎರಡೂ ಇವೆ, ಅದಕ್ಕೊಂದು ಕಾರಣವಿದೆ.

ನಾನಿರುವುದು ಅಮೆರಿಕದ ಒರೆಗಾನ್‌ನಲ್ಲಿ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯವರು ಸ್ವಂತಕ್ಕೆಂದು ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಬಹುದು. ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು: ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಸ್ಟಾರ್ಟರ್ ಯಾಕೆ ಬೇಕು ಅಂದರೆ, ದ್ರವ ಯೀಸ್ಟಿನ ಒಂದು ಪೊಟ್ಟಣದಲ್ಲಿ ತಯಾರಾದ ಹೊತ್ತಿಗೆ ಸುಮಾರು 10 ಸಾವಿರ ಕೋಟಿ ಜೀವಕೋಶ ಇರುತ್ತವೆ, ದಿನ ಕಳೆದಂತೆ ಅವು ಸಾಯುತ್ತಾ ಹೋಗುತ್ತವೆ. 1.050 ಗ್ರಾವಿಟಿಯ, ಅಂದರೆ ವರ್ಟಿನ ಸಾಂದ್ರತೆ ನೀರಿನ 1.05 ಪಟ್ಟು ಇರುವ, 19 ಲೀಟರ್ ಬೆಚ್ಚಗೆ ಹುದುಗಿಸುವ ಏಲ್‌ಗೆ ಬೇಕಾಗುವುದು 17–18 ಸಾವಿರ ಕೋಟಿ. ತಣ್ಣಗೆ ಹುದುಗಿಸುವ ಲಾಗರ್ ಆದರೆ ಅದರ ಎರಡರಷ್ಟು. ಕೊರತೆಯನ್ನು ತುಂಬಲು ತೆಳು ವರ್ಟಿನಲ್ಲಿ ಯೀಸ್ಟನ್ನು ಮೊದಲೇ ಬೆಳೆಸಿಕೊಳ್ಳಬೇಕು. ಒಣ ಯೀಸ್ಟ್ ಬಳಸುವವರಿಗೆ ಈ ತಾಪತ್ರಯವೇ ಇಲ್ಲ.

ಗಾಜಿನ ಫ್ಲಾಸ್ಕಿನ ಮೇಲೆ 3.3 ಅಂತ ಅಚ್ಚಾಗಿದೆಯೇ ನೋಡಿ. ಅದು ಬೋರೋಸಿಲಿಕೇಟ್ ಗಾಜಿನ ಗುರುತು. ಬಿಸಿಗೆ ಇದು ಹಿಗ್ಗುವುದು ಮಾಮೂಲಿ ಗಾಜಿನ ಸುಮಾರು ಮೂರನೇ ಒಂದರಷ್ಟು ಮಾತ್ರ. ಒಲೆಯಿಂದ ಇಳಿಸಿ ತಣ್ಣೀರಿಗೆ ಇಟ್ಟರೂ ಸಾಮಾನ್ಯವಾಗಿ ಸೀಳದಿರುವುದು ಅದರಿಂದಲೇ. ಸಾಮಾನ್ಯವಾಗಿ ಅಂದೆ, ಯಾವಾಗಲೂ ಅನ್ನಲಿಲ್ಲ. ಮೈಮೇಲೆ ಒಂದು ಗೀರು ಬಿದ್ದಿದ್ದರೆ ಆ ಭರವಸೆ ಅಲ್ಲಿಗೆ ಮುಗಿಯಿತು. ಕೆಂಪಗೆ ಕಾಯುವ ಎಲೆಕ್ಟ್ರಿಕ್ ಕಾಯಿಲ್ ಮೇಲೆ ನೇರವಾಗಿ ಇಡಬಾರದು, ಇಂಡಕ್ಷನ್ ಒಲೆಗೆ ಗಾಜು ಕಾಯುವುದೇ ಇಲ್ಲ.

ಫ್ಲಾಸ್ಕಿನಲ್ಲಿ ಕುದಿಸುವುದು ನನಗೆ ಹಿಡಿಸದಿರಲು ಅಸಲಿ ಕಾರಣ ಅದರ ಕಿರಿದಾದ ಕುತ್ತಿಗೆ. ನೀರು ಸ್ವಲ್ಪ ಬಿಸಿಯಾಗಿದ್ದರೂ ಸಾಕು, ಏಳುವ ಹಬೆಗೆ ಮಾಲ್ಟ್ ಪುಡಿ ಫನಲ್ಲಿನಲ್ಲೇ ಅಂಟುಂಟಾಗಿ ಕಟ್ಟಿಕೊಳ್ಳುತ್ತದೆ, ಚಮಚದ ಹಿಡಿಯಿಂದ ತಿವಿಯುತ್ತಾ ಕೂರಬೇಕು. ಕುದಿ ಬಂದಾಗಲೂ ಅಷ್ಟೆ. ಹಾಲು ಉಕ್ಕುವಾಗ ಒಂದು ಕ್ಷಣವಾದರೂ ಸೂಚನೆ ಸಿಗುತ್ತದೆ, ಇಲ್ಲಿ ನೊರೆ ಕುತ್ತಿಗೆಗೆ ಬಂತು ಅನ್ನುವಷ್ಟರಲ್ಲಿ ಅರ್ಧ ವರ್ಟ್ ಒಲೆಯ ಮೇಲಿರುತ್ತದೆ. ನೊರೆ ತಡೆಯುವ ಹನಿಗಳು ಸಿಗುತ್ತವೆ, ಹಾಕಿದರೆ ತಕ್ಕಮಟ್ಟಿಗೆ ತಗ್ಗುತ್ತದೆ.

ಹಾಗಾಗಿ ನನ್ನ ಕ್ರಮ ಹೀಗೆ: ಸ್ಟೀಲ್ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು, 150 ಗ್ರಾಂ ಒಣ ಮಾಲ್ಟ್ ಪುಡಿ. ತಣ್ಣೀರಿನಲ್ಲೇ ಕದಡಿ, ಹತ್ತು ನಿಮಿಷ ಕುದಿಸಿ, ಮುಚ್ಚಳ ಹಾಕಿ, ಸಿಂಕಿನ ತಣ್ಣೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸುತ್ತೇನೆ. ಆಮ್ಲದ ಸ್ಯಾನಿಟೈಸರಿನಲ್ಲಿ ಅದ್ದಿ ತೆಗೆದ ಪ್ಲಾಸ್ಟಿಕ್ ಫ್ಲಾಸ್ಕಿಗೆ ಸುರಿದು, ಯೀಸ್ಟ್ ಹಾಕಿ, ಬಾಯಿಗೆ ಫಾಯಿಲ್ ಸಡಿಲವಾಗಿ ಹೊದಿಸಿ ಸ್ಟರ್ ಪ್ಲೇಟಿನ (ಫ್ಲಾಸ್ಕಿನೊಳಗೆ ಹಾಕಿದ ಆಯಸ್ಕಾಂತದ ಕಡ್ಡಿಯನ್ನು ಕೆಳಗಿನಿಂದ ತಿರುಗಿಸಿ ದ್ರವ ಕಲಕುವ ಸಾಧನ) ಮೇಲೆ ಬಿಡುತ್ತೇನೆ. ಗಾಳಿ ಆಡಲಿ ಅಂತಲೇ ಸಡಿಲ.

ಪ್ಲಾಸ್ಟಿಕ್ ಅಂದರೆ ಯಾವುದಾದರೂ ಆಗುವುದಿಲ್ಲ. ಪಾಲಿಪ್ರೊಪಿಲೀನ್, ಅಂದರೆ ತ್ರಿಕೋನದೊಳಗೆ 5 ಅಂತ ಇರುವುದು, ಪ್ರೆಶರ್ ಕುಕ್ಕರಿನೊಳಗಿನ 121 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನೂ ತಡೆಯುತ್ತದೆ. ಪಾಲಿಕಾರ್ಬೊನೇಟ್ ಗಾಜಿನಂತೆ ಪಾರದರ್ಶಕ, ನೋಡಲು ಚಂದ. ಆದರೆ ನಾವು ತೊಳೆಯಲು ಬಳಸುವ ಕ್ಷಾರದ ಪುಡಿಗಳು ಅದನ್ನು ಮೆಲ್ಲಗೆ ತಿನ್ನುತ್ತವೆ. ಸೋಡಾ ಬಾಟಲಿಯ ಪೆಟ್ ಪ್ಲಾಸ್ಟಿಕ್ ಬಿಸಿ ವರ್ಟ್ ಕಂಡರೆ ಸೊಟ್ಟಗಾಗುತ್ತದೆ. ಕೊಳ್ಳುವಾಗ ತಳಕ್ಕೆ ಬೆರಳಾಡಿಸಿ ನೋಡಿ. ಕೆಲವು ಪ್ಲಾಸ್ಟಿಕ್ ಫ್ಲಾಸ್ಕುಗಳ ತಳ ಒಳಮುಖವಾಗಿ ಉಬ್ಬಿರುತ್ತದೆ, ಆಯಸ್ಕಾಂತದ ಕಡ್ಡಿ ನಡುವೆ ನಿಲ್ಲದೆ ಟಕಟಕ ಅಂತ ಮೂಲೆಗೆ ಎಗರುತ್ತದೆ. ಒಳಗೆ ಬ್ರಷ್ ಆಡಿಸಲೇಬಾರದು. ಗೀರಿನ ಸಂದಿಯಲ್ಲಿ ಕೂತ ಬ್ಯಾಕ್ಟೀರಿಯಾವನ್ನು ಸ್ಯಾನಿಟೈಸರ್ ಮುಟ್ಟುವುದು ಕಷ್ಟ. ಒಳಗೆ ಗೀರು ಕಂಡರೆ ನಾನು ಆ ಫ್ಲಾಸ್ಕನ್ನು ಗಿಡಕ್ಕೆ ನೀರು ಹಾಕಲು ಇಟ್ಟುಕೊಳ್ಳುತ್ತೇನೆ.

ಗಾಜಿನದನ್ನು ಹೊರಗೆ ತೆಗೆಯುವುದು ಲಾಗರ್ ಮಾಡುವಾಗ. ದೊಡ್ಡ ಸ್ಟಾರ್ಟರಿನ ದ್ರವವನ್ನೆಲ್ಲ ಬಿಯರಿಗೆ ಸುರಿದರೆ ರುಚಿ ಕೆಡುತ್ತದೆ, ಅದಕ್ಕೆ ಫ್ರಿಜ್ಜಿನಲ್ಲಿಟ್ಟು ಯೀಸ್ಟನ್ನು ತಳಕ್ಕೆ ಕೂರಿಸಿ ಮೇಲಿನದನ್ನು ಬಗ್ಗಿಸಿ ಚೆಲ್ಲಬೇಕು. ಕೆನೆಬಣ್ಣದ ಪದರ ಎಲ್ಲಿ ಶುರು, ಯಾವಾಗ ಜಾರಲು ಹೊರಟಿತು ಎಂಬುದು ಗಾಜಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಂಜುಮಂಜಾದ ಪಾಲಿಪ್ರೊಪಿಲೀನಿನಲ್ಲಿ ಅಂದಾಜಿನ ಮೇಲೆ ಬಗ್ಗಿಸಬೇಕು.

ಉಳಿದ ದಿನ ಪ್ಲಾಸ್ಟಿಕ್ಕೇ. ಸೋಪು ಹತ್ತಿದ ಕೈಯಿಂದ ಜಾರಿದರೆ ಸಿಂಕಿನಲ್ಲಿ ಸದ್ದಾಗುತ್ತದೆ, ಅಷ್ಟೆ. ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಇನ್ನೊಂದು ಲಾಭ, ನಮ್ಮ ಮನೆಗಳಲ್ಲಿ ಹೇಗೂ ಇರುವ ಪ್ರೆಶರ್ ಕುಕ್ಕರ್. 500 ಮಿ.ಲೀ. ಪಾಲಿಪ್ರೊಪಿಲೀನ್ ಫ್ಲಾಸ್ಕ್ ಅದರಲ್ಲಿ ಹಿಡಿಸುತ್ತದೆ. ತಳದ ಲೋಹಕ್ಕೆ ತಾಗದಂತೆ ಜಾಲರಿಯ ಮೇಲಿಟ್ಟು, ಬಾಯಿಗೆ ಫಾಯಿಲ್ ಮಾತ್ರ ಸುತ್ತಿ, ಪೂರ್ತಿ ಒತ್ತಡ ಬಂದ ಮೇಲೆ 20 ನಿಮಿಷ. ಸ್ವಲ್ಪವೇ ಯೀಸ್ಟಿನಿಂದ ಹಂತಹಂತವಾಗಿ ಬೆಳೆಸುವಾಗ ಸ್ಯಾನಿಟೈಸರಿಗಿಂತ ನಾನು ನೆಚ್ಚುವುದು ಇದನ್ನೇ.

ಯಾವುದನ್ನೇ ಕೊಳ್ಳಿ, ಏಲ್‌ಗೆ 2 ಲೀಟರಿಗಿಂತ ಚಿಕ್ಕದು ಬೇಡ. ಒಂದೂವರೆ ಲೀಟರ್ ವರ್ಟಿನ ಮೇಲೆ ನೊರೆಗೆ ಅಷ್ಟು ಜಾಗ ಬೇಕೇ ಬೇಕು.