ಲೇಥ್ ಸದ್ದಿಗೆ ಸೈ, ಪೆನ್ನಿನ ಟಿಕ್ ಟಿಕ್‌ಗೆ ಸುಸ್ತು

ಬೆಳಗಾವಿಯ ಮೂರನೇ ಗೇಟು ದಾಟಿ ಉದ್ಯಮಬಾಗ್ ಕಡೆ ಹೋದರೆ ಬೆಳಗ್ಗೆಯಿಂದ ರಾತ್ರಿವರೆಗೆ ಸದ್ದೇ ಸದ್ದು. ಲೇಥು, ಗ್ರೈಂಡರು, ಕಂಪ್ರೆಸರು, ಫೌಂಡ್ರಿಗಳಲ್ಲಿ ಫೆಟ್ಲಿಂಗು, ಅಂದರೆ ಎರಕದ ಪೀಸಿನ ಹೆಚ್ಚುವರಿ ಅಂಚು ಕಡಿದು ಉಜ್ಜೋದು. ಅದರ ನಡುವೆ ವರ್ಷಗಟ್ಟಲೆ ನಿಂತು ಕೆಲಸ ಮಾಡಿದವನು ನಾನು. ಡಿಪ್ಲೊಮಾ ಮುಗಿಸಿ, ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಸಿಎನ್‌ಸಿ ಮಷಿನ್ ಮುಂದೆ ನಿಂತೆ. ಆಮೇಲೆ ಅದೇ ಕಂಪನಿಯ ಮೇಲ್ಮಹಡಿಗೆ ಕಳಿಸಿದರು. ಗಿರಾಕಿಗಳು ಕಳಿಸುವ ಡ್ರಾಯಿಂಗ್ ಓದಿ ಕೊಟೇಶನ್ ಹಾಕುವ ಕೆಲಸ. ಕುರ್ಚಿ ಮೆತ್ತಗೆ, ಕೈಗೆ ಎಣ್ಣೆ ಹತ್ತಲ್ಲ, ಮನೆಯವರಿಗೂ ಖುಷಿ.

ಮೇಲೆ ಇರೋದು ಒಂದೇ ದೊಡ್ಡ ಹಾಲು. ಖರೀದಿ, ಅಕೌಂಟ್ಸ್, ಡಿಸೈನ್, ಡಿಸ್ಪ್ಯಾಚ್ ಎಲ್ಲ ಅಲ್ಲೇ. ನಡುವೆ ಗೋಡೆ ಇಲ್ಲ. ನೆಲಕ್ಕೆ ನುಣುಪು ಟೈಲ್ಸ್, ಒಂದು ಪಕ್ಕ ಪೂರ್ತಿ ಗಾಜಿನ ಕಿಟಕಿ. ಅಲ್ಲಿಗೆ ಹೋದ ಹೊಸದರಲ್ಲೇ ನನಗೆ ತಲೆ ಚಿಟ್ಟು ಹಿಡಿಯತೊಡಗಿತು.

ಎದುರಿನ ಹುಡುಗ ಯೋಚನೆ ಮಾಡುವಾಗ ಬಾಲ್ ಪೆನ್ನಿನ ಬಟನ್ ಒತ್ತುತ್ತಾನೆ. ಟಿಕ್, ಟಿಕ್. ಸ್ವಲ್ಪ ತಡೆದು ಟಿಕ್ ಟಿಕ್ ಟಿಕ್. ಆ ತಡೆದ ಹೊತ್ತೇ ಜಾಸ್ತಿ ಕಾಟ, ಮುಂದಿನ ಟಿಕ್ ಯಾವಾಗ ಅಂತ ಕಿವಿ ಕಾಯುತ್ತಾ ಕೂರುತ್ತೆ. ಅಕೌಂಟ್ಸಿನ ಅಕ್ಕ ಚಹಾವನ್ನು ಬಸಿಗೆ ಸುರಿದು ಸುರ್ರ್ ಅಂತ ಹೀರುತ್ತಾರೆ. ಡಿಸ್ಪ್ಯಾಚ್ ಹುಡುಗರು ಊಟದ ಹೊತ್ತಿಗೆ ರೀಲ್ಸ್ ಹಾಕಿದರೆ ಒಂದೇ ಹಾಡಿನ ಹದಿನೈದು ಸೆಕೆಂಡು ಮತ್ತೆ ಮತ್ತೆ. ಇವರೆಲ್ಲರನ್ನೂ ಮೀರಿಸಿದವರು ಖರೀದಿ ವಿಭಾಗದ ಕಾಕಾ. ಅವರು ಫೋನ್ ಸ್ಪೀಕರಿಗೆ ಹಾಕಿಯೇ ಮಾತಾಡೋದು. ಕೊಲ್ಹಾಪುರದವರ ಜೊತೆ ಮರಾಠಿ, ಹುಬ್ಬಳ್ಳಿಯವರ ಜೊತೆ ಕನ್ನಡ, ರಾಜ್‌ಕೋಟ್‌ನವರ ಜೊತೆ ಹಿಂದಿ. ಮೂರೂ ಭಾಷೆಯಲ್ಲಿ ಅದೇ ದನಿ.

ನನ್ನ ಕೆಲಸವೋ, ಹೈಡ್ರಾಲಿಕ್ ವಾಲ್ವಿನ ಡ್ರಾಯಿಂಗಿನಲ್ಲಿ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು, 0.02 ಮಿಲಿಮೀಟರೋ 0.2 ಮಿಲಿಮೀಟರೋ ಅಂತ ನೋಡೋದು. ಅಲ್ಲಿ ಒಂದು ಸೊನ್ನೆ ಕಣ್ಣು ತಪ್ಪಿದರೆ ನಾಜೂಕಾಗಿ ಉಜ್ಜುವ ಗ್ರೈಂಡಿಂಗ್ ಬೇಕಾದ ಪೀಸಿಗೆ ಬರೀ ಲೇಥಿನಲ್ಲಿ ಕಡೆಯುವ ಟರ್ನಿಂಗ್ ರೇಟು ಹಾಕಿದ ಹಾಗೆ. ಅದೇ ಸಾಲನ್ನು ಮತ್ತೆ ಮೇಲಿನಿಂದ ಓದೋದು, ಕಾಕಾ "ಹಲೋ" ಅಂದ ಕೂಡಲೇ ಮತ್ತೆ ಬಿಟ್ಟು ಹೋಗೋದು.

ಸಿಟ್ಟು ಬಂದು ಒಂದು ದಿನ ಮೊಬೈಲಿಗೆ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡೆ. ಅದರ ಲೆಕ್ಕ ಪಕ್ಕಾ ಅಲ್ಲ, ಆದರೆ ಎರಡು ಜಾಗ ಹೋಲಿಸಿ ನೋಡಲು ಸಾಕು. ಕೆಳಗೆ ಗ್ರೈಂಡರ್ ಪಕ್ಕ 85 ಡೆಸಿಬಲ್ ಸುತ್ತಮುತ್ತ. ಮೇಲೆ ಹಾಲಿನಲ್ಲಿ 60. ಡೆಸಿಬಲ್ ಲೆಕ್ಕ ನಮ್ಮ ಸ್ಕೇಲಿನ ಮಿಲಿಮೀಟರ್ ಹಾಗಲ್ಲ. 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. 25 ಏರಿದರೆ ಸುಮಾರು 300 ಪಟ್ಟು. ಅಂದರೆ 300 ಪಟ್ಟು ಸದ್ದಿನಲ್ಲಿ ಆರಾಮಾಗಿ ಕೆಲಸ ಮಾಡಿದವನು ಇಲ್ಲಿ ಪೆನ್ನಿನ ಟಿಕ್ ಟಿಕ್‌ಗೆ ಹಲ್ಲು ಕಡಿಯುತ್ತಿದ್ದೆ. ಹಾಗಾದರೆ ಸದ್ದು ಎಷ್ಟು ದೊಡ್ಡದು ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ, ಅಲ್ವಾ?

ಓದಿ ನೋಡಿದಾಗ ಎರಡು ವಿಷಯ ಸಿಕ್ಕವು. ಒಂದು, ಮಾತು. ಮಷಿನ್ ಸದ್ದಿಗೆ ಅರ್ಥ ಇಲ್ಲ, ಸ್ವಲ್ಪ ಹೊತ್ತಿಗೆ ಮೆದುಳು ಅದನ್ನು ಬದಿಗಿಡುತ್ತೆ. ಮಾತಿಗೆ ಅರ್ಥ ಇದೆ, ಬೇಡ ಅಂದರೂ ಒಳಗೆ ಬರುತ್ತೆ. ಫೋನಿನಲ್ಲಿ ಒಬ್ಬರ ಮಾತಷ್ಟೇ ಕೇಳಿದರೆ ಇನ್ನೂ ಕಷ್ಟ, ಆ ಕಡೆಯವರು ಏನಂದರು ಅಂತ ನಮ್ಮ ತಲೆಯೇ ತುಂಬಿಕೊಳ್ಳಲು ಹೋಗುತ್ತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮಲ್ಲಿ ಒಬ್ಬ ಕೊಯಮತ್ತೂರಿನ ಗಿರಾಕಿಗಳ ಜೊತೆ ತಮಿಳಿನಲ್ಲಿ ಮಾತಾಡುತ್ತಾನೆ. ನನಗೆ ತಮಿಳು ಬರಲ್ಲ. ಅವನ ದನಿಯೇನೂ ಸಣ್ಣದಲ್ಲ, ಆದರೂ ನನ್ನನ್ನು ಅಷ್ಟು ಕಾಡಲ್ಲ. ಮರಾಠಿಯಲ್ಲಿ ಯಾರೋ ಮಗಳ ಮದುವೆ ಖರ್ಚು ಹೇಳಿಕೊಂಡರೆ ನನ್ನ ಡ್ರಾಯಿಂಗ್ ಅಲ್ಲಿಗೇ ನಿಂತಿತು.

ಎರಡನೆಯದು ಹಿಡಿತ. ಕೆಳಗೆ ಮಷಿನ್ ನನ್ನದು, ಕೆಂಪು ಬಟನ್ ಒತ್ತಿದರೆ ನಿಲ್ಲುತ್ತೆ. ಪಕ್ಕದವನ ಪೆನ್ನಿಗೆ ನನ್ನ ಹತ್ತಿರ ಬಟನ್ ಇಲ್ಲ. ಗ್ಲಾಸ್ ಮತ್ತು ಸಿಂಗರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಐವತ್ತು ವರ್ಷಕ್ಕೂ ಹಿಂದೆಯೇ ಇದನ್ನು ಪರೀಕ್ಷೆ ಮಾಡಿದ್ದರು. ಎರಡು ಗುಂಪಿಗೆ ಒಂದೇ ಸದ್ದು ಕೇಳಿಸಿದರು, ಯಾವಾಗ ಬರುತ್ತೆ ಅಂತ ಗೊತ್ತಾಗದ ಹಾಗೆ. ಒಂದು ಗುಂಪಿಗೆ ಮಾತ್ರ ಒಂದು ಬಟನ್ ಕೊಟ್ಟು, "ಬೇಕಾದರೆ ನಿಲ್ಲಿಸಬಹುದು, ಆದರೆ ಒತ್ತದೇ ಇದ್ದರೆ ಒಳ್ಳೇದು" ಅಂದರು. ಅವರು ಒತ್ತಲಿಲ್ಲ. ಆದರೂ ಆಮೇಲೆ ಕೊಟ್ಟ ಕೆಲಸದಲ್ಲಿ ಅವರೇ ಮುಂದು. ಬಟನ್ ಇದೆ ಅನ್ನುವ ಧೈರ್ಯವೇ ಸಾಕಾಯಿತು. ಇದನ್ನು ಓದಿದ ಮೇಲೆ ನನ್ನ ಲೆಕ್ಕ ಬದಲಾಯಿತು. ಸದ್ದು ಪೂರ್ತಿ ನಿಲ್ಲಿಸೋದು ಆಗದ ಮಾತು. ನನ್ನ ಕೈಗೆ ಒಂದು ಬಟನ್ ಬೇಕು, ಅಷ್ಟೇ.

ಮೊದಲು ಮನುಷ್ಯರ ತಂಟೆಗೆ ಹೋಗಲಿಲ್ಲ, ವಸ್ತುಗಳನ್ನು ಸರಿ ಮಾಡಿದೆ. ಮೂರು ಕುರ್ಚಿ ಕಿರ್ ಅನ್ನುತ್ತಿದ್ದವು. ಕೆಳಗೆ ಡಬ್ಬಗಟ್ಟಲೆ ಗ್ರೀಸ್ ಇಟ್ಟುಕೊಂಡಿರುವ ಕಂಪನಿ ನಮ್ಮದು, ಆದರೂ ಯಾರೂ ಒಂದು ಬೆರಳು ಹಚ್ಚಿರಲಿಲ್ಲ ನೋಡಿ. ಊಟದ ಹೊತ್ತಿನಲ್ಲಿ ಮುಗಿಯಿತು. ಸ್ಟೂಲುಗಳ ಕಾಲಿಗೆ ರಬ್ಬರ್ ಬುಶ್ ಹಾಕಿದೆ. ಡಿಸೈನ್ ಹುಡುಗನ ಕೀಬೋರ್ಡ್ ಕೆಳಗೆ ಹಳೇ ಯೋಗಾ ಮ್ಯಾಟಿನ ತುಂಡು. ಕೀಲಿಯ ಸದ್ದು ಹಾಗೇ ಇದೆ, ಆದರೆ ಟೇಬಲ್ಲು ಡೋಲಿನ ಹಾಗೆ ಬಾರಿಸೋದು ನಿಂತಿತು. ಪೆನ್ನಿನವನಿಗೆ ಕ್ಯಾಪ್ ಇರುವ ಒಂದು ಪೆನ್ ತಂದುಕೊಟ್ಟೆ. "ಏನಣ್ಣಾ, ಬರ್ತ್‌ಡೇ ಏನ್ ಇವತ್ತ?" ಅಂದ. "ಇಲ್ಲೋ, ಆ ಪೆನ್ ನನಗ ಕೊಡು, ಇದನ್ನ ನೀನ ಇಟ್ಕೋ" ಅಂದೆ. ಅವನಿಗೆ ಕೂಡಲೇ ಗೊತ್ತಾಯಿತು, ನಕ್ಕ. ಈಗ ಕ್ಯಾಪ್ ತಿರುಗಿಸುತ್ತಾ ಕೂರುತ್ತಾನೆ, ಅದಕ್ಕೆ ಸದ್ದಿಲ್ಲ.

ಕಾಕಾ ಅವರದ್ದು ಇಷ್ಟು ಸುಲಭ ಇರಲಿಲ್ಲ. ವಯಸ್ಸಿನಲ್ಲಿ ದೊಡ್ಡವರು, ನನಗೆ ಮೈಕ್ರೋಮೀಟರ್ ಹಿಡಿಯಲು ಕಲಿಸಿದ ಕೈ. ಎಲ್ಲರ ಮುಂದೆ ಹೇಳಿದರೆ ಮರ್ಯಾದೆ ಪ್ರಶ್ನೆ. ಸಂಜೆ ಚಹಾ ಅಂಗಡಿಯಲ್ಲಿ ಇಬ್ಬರೇ ಇದ್ದಾಗ ಮಾತು ತೆಗೆದೆ.

"ಕಾಕಾ, ಒಂದ್ ಮಾತ್ ಕೇಳ್ಲೇನ್ರಿ? ಸಿಟ್ಟ್ ಮಾಡ್ಕೋಬಾರದು."

"ಕೇಳ್ಪಾ."

"ಫೋನ್ ಯಾಕ್ರಿ ಸ್ಪೀಕರಿಗೆ ಹಾಕ್ತೀರಿ ಯಾವಾಗ್ಲೂ?"

ಸ್ವಲ್ಪ ಹೊತ್ತು ಬಸಿ ನೋಡುತ್ತಾ ಕುಳಿತರು. "ಕಿವಿಗಿ ಹಿಡದ್ರ ಸದ್ದ್ ಕೇಳ್ತೈತಿ, ಮಾತ್ ತಿಳಿಯಂಗಿಲ್ಲೋ. ಸಾಟ್ ಅಂದ್ರೋ ಆಟ್ ಅಂದ್ರೋ, ಒಂದೂ ಗೊತ್ತಾಗಂಗಿಲ್ಲ."

ಮರಾಠಿ, ಹಿಂದಿಯಲ್ಲಿ ಸಾಟ್ ಅಂದರೆ ಅರವತ್ತು, ಆಟ್ ಅಂದರೆ ಎಂಟು. ರೇಟ್ ಮಾತಾಡುವಾಗ ಇದು ಸಣ್ಣ ವಿಷಯ ಅಲ್ಲ. ಅವರು ಮೇಲೆ ಬರುವ ಮುಂಚೆ ಫೌಂಡ್ರಿಯಲ್ಲಿ ಫೆಟ್ಲಿಂಗ್ ನೋಡಿಕೊಂಡವರು, ಕಿವಿಗೆ ಏನೂ ಹಾಕದೆ. ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ ಮೊದಲು ಹೋಗೋದು 4000 ಹರ್ಟ್ಸ್ ಸುತ್ತಿನ ಚೂಪು ಸದ್ದು ಕೇಳುವ ಶಕ್ತಿ. ಸ, ಶ, ಫ ತರದ ಅಕ್ಷರಗಳ ಗುರುತು ಇರೋದು ಆ ಚೂಪು ಸ್ವರದಲ್ಲೇ. ಅದಕ್ಕೇ ಸದ್ದು ಕೇಳುತ್ತೆ, ಮಾತು ಬಿಡಿಸಿ ತಿಳಿಯಲ್ಲ. ತಮ್ಮ ದನಿಯೂ ಸರಿಯಾಗಿ ಕೇಳಲ್ಲ, ಹಾಗಾಗಿ ಜೋರಾಗಿ ಮಾತಾಡುತ್ತಾರೆ. ಕಾರ್ಖಾನೆಗಳಲ್ಲಿ ಎಂಟು ತಾಸಿಗೆ 90 ಡೆಸಿಬಲ್ ಮಿತಿ ಅಂತ ನಿಯಮ ಇದೆ. ಆ ಕಾಲದಲ್ಲಿ ಫೆಟ್ಲಿಂಗ್ ಶೆಡ್ಡಿನಲ್ಲಿ ಅದನ್ನು ಯಾರು ಅಳೆದಿದ್ದರು?

ಇಷ್ಟು ದಿನ ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು. ಇದನ್ನು ಜಾಣತನ ಅಂತ ಹೇಳುತ್ತಿಲ್ಲ, ಸುಮ್ನೆ ಹಾಗಾಯಿತು. ಕಾರಣ ಗೊತ್ತಾದ ಸದ್ದು ಅಷ್ಟು ಚುಚ್ಚಲ್ಲ.

ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಅವರ ಮಗನಿಗೆ ಹೇಳಿದೆ. ಅವರು ಹೋಗಿ ಬಂದರು. ಯಂತ್ರ ಹಾಕಿಕೊಳ್ಳಲು ಇನ್ನೂ ಮನಸ್ಸಿಲ್ಲ, "ಮುದುಕ ಆದ್ನೇನ್?" ಅಂತಾರೆ. ಅಲ್ಲಿವರೆಗೆ ಬಾಯಿ ಹತ್ತಿರ ಮೈಕ್ ಬರುವ ವೈರ್ ಹೆಡ್‌ಸೆಟ್ ತಂದುಕೊಟ್ಟೆವು. ಎರಡೂ ಕಿವಿಗೆ ದನಿ ಬರುತ್ತೆ, ಸಾಟ್ ಯಾವುದು ಆಟ್ ಯಾವುದು ಹೆಚ್ಚು ಸಲ ತಿಳಿಯುತ್ತೆ. ಸ್ಪೀಕರ್ ನಿಂತಿತು. ಜೋರು ದನಿ ನಿಲ್ಲಲಿಲ್ಲ.

ಅದಕ್ಕೆ ಕಂಬಳಿ. ನಗಬೇಡಿ. ನಮ್ಮ ಹಾಲಿನಲ್ಲಿ ಚಪ್ಪಾಳೆ ತಟ್ಟಿದರೆ ಝಣ್ ಅಂತ ಉಳಿಯುತ್ತಿತ್ತು. ಟೈಲ್ಸು, ಗಾಜು, ಬೋಳು ಗೋಡೆ, ಸದ್ದು ಹೀರುವ ವಸ್ತು ಒಂದೂ ಇಲ್ಲ. ಅಂಗಡಿಯಲ್ಲಿ ಸಿಗುವ ಅಕೌಸ್ಟಿಕ್ ಪ್ಯಾನಲ್ಲಿನ ರೇಟ್ ಕೇಳಿಯೇ ಸಾಹೇಬರು ಕೈ ಮುಗಿದರು. ಡಿಸ್ಪ್ಯಾಚ್ ಹುಡುಗನೊಬ್ಬ ಗೋಕಾಕ ಕಡೆಯವನು, ಕುರಿ ಉಣ್ಣೆಯ ಕರೀ ಕಂಬಳಿ ಊರಿಂದ ತಂದ. ದಪ್ಪ, ಒರಟು, ಗಾಳಿ ಒಳಗೆ ನುಗ್ಗುವ ನೇಯ್ಗೆ. ಇದಕ್ಕೆ ಬೇಕಾಗಿದ್ದೂ ಅದೇ. ಸದ್ದು ಅಂದರೆ ಗಾಳಿಯ ಓಡಾಟ, ಉಣ್ಣೆಯ ಎಳೆಗಳು ಅದನ್ನು ಹಿಡಿದು ಹೀರುತ್ತವೆ.

ಕಂಬಳಿಯನ್ನು ಗೋಡೆಗೆ ಅಂಟಿಸಿ ಹೊಡೆಯಬಾರದು. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಓಡಾಡಲ್ಲ, ಅಲ್ಲಿ ಉಣ್ಣೆಗೆ ಹಿಡಿಯಲು ಏನೂ ಸಿಗಲ್ಲ. ಸದ್ದಿನ ಅಲೆಯ ಕಾಲು ಭಾಗದಷ್ಟು ದೂರದಲ್ಲಿ ಗಾಳಿಯ ಓಡಾಟ ಜಾಸ್ತಿ. 1000 ಹರ್ಟ್ಸ್ ಸದ್ದಿನ ಅಲೆ ಸುಮಾರು 34 ಸೆಂಟಿಮೀಟರ್, ಅದರ ಕಾಲು ಭಾಗ ಎಂಟೂವರೆ. ಮರದ ರೀಪು ಹೊಡೆದು, ಗೋಡೆಯಿಂದ ಅಷ್ಟು ದೂರ ಬಿಟ್ಟು, ಕಂಬಳಿ ಇಳಿಬಿಟ್ಟೆವು. ಮೇಲೆ ಸಡಿಲವಾಗಿ ನೆರಿಗೆ. ಆಮೇಲೆ ಕಾಕಾ ಟೇಬಲ್ ತಿರುಗಿಸಿ ಅವರ ಮುಖ ಕಂಬಳಿಯ ಕಡೆ ಬರುವಂತೆ ಮಾಡಿದೆವು. ಮಾತಿನ ದನಿ, ಅದರಲ್ಲೂ ಚೂಪಾದ ಅಕ್ಷರಗಳು, ಬಾಯಿಯ ಮುಂದಕ್ಕೇ ಜಾಸ್ತಿ ಹೋಗೋದು. ಈಗ ಕಾಕಾ ರಾಜ್‌ಕೋಟ್‌ನವರಿಗೆ ಬೈಯೋದು ಮೊದಲು ಕಂಬಳಿಗೆ ತಗಲುತ್ತೆ.

ಫಲ? ಪಕ್ಕದಲ್ಲೇ ಕೂತವರ ದನಿಗೆ ಕಂಬಳಿ ಏನೂ ಮಾಡಲ್ಲ, ಅದು ನೇರವಾಗಿ ಬರುತ್ತೆ. ದೂರದವರದ್ದು ಮಾತ್ರ ಗೊಣಗಿದ ಹಾಗೆ ಕೇಳುತ್ತೆ, ಪದ ಬಿಡಿಸಿ ತಿಳಿಯಲ್ಲ. ನನಗೆ ಬೇಕಾಗಿದ್ದು ಅಷ್ಟೇ. ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಸುತ್ತ ಗದ್ದಲ ಇದ್ದರೆ ಯಾರೇ ಆಗಲಿ ತಿಳಿಯದೆ ದನಿ ಏರಿಸುತ್ತಾರೆ. ಲೊಂಬಾರ್ ಅನ್ನುವ ಫ್ರೆಂಚ್ ವೈದ್ಯ 1911ರಲ್ಲೇ ಇದನ್ನು ಗುರುತಿಸಿದ್ದ. ಒಬ್ಬರು ಏರಿಸಿದರೆ ಇನ್ನೊಬ್ಬರು, ಅವರನ್ನು ಕೇಳಿ ಮತ್ತೊಬ್ಬರು. ಹಾಲಿನ ಗುಂಯ್‌ಗುಡುವಿಕೆ ತಗ್ಗಿದ ಮೇಲೆ ಉಳಿದವರ ದನಿಯೂ ತಾನಾಗಿ ಇಳಿಯಿತು, ಯಾರಿಗೂ ಹೇಳಬೇಕಾಗಲಿಲ್ಲ.

ಹೆಡ್‌ಫೋನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸದ್ದು ಅಳಿಸುವ ಹೆಡ್‌ಫೋನ್ ಫ್ಯಾನು, ಎಂಜಿನ್ನು ತರದ ಒಂದೇ ಸಮನೆಯ ತಗ್ಗು ಸದ್ದಿಗೆ ಒಳ್ಳೇದು. ಮಾತಿಗೆ, ಟಿಕ್ ಟಿಕ್‌ಗೆ ಅಷ್ಟಕ್ಕಷ್ಟೇ. ನನಗೆ ಅದಕ್ಕಿಂತ ಮಳೆ ವಾಸಿ. ಬೆಳಗಾವಿ ಮಳೆ ಗೊತ್ತಲ್ಲ, ಜುಲೈನಲ್ಲಿ ಹಿಡಿದರೆ ಬಿಡಲ್ಲ. ಶೆಡ್ಡಿನ ತಗಡಿನ ಮೇಲೆ ಅದು ಸುರಿಯುವಾಗ ಯಾರ ಮಾತೂ ಕೇಳಲ್ಲ, ನನ್ನ ಕೊಟೇಶನ್ ಸಲೀಸಾಗಿ ಸಾಗುತ್ತೆ. ಬೇಸಿಗೆಯಲ್ಲಿ ಅದೇ ಮಳೆ ಸದ್ದನ್ನು ಸಾದಾ ಇಯರ್‌ಫೋನಿನಲ್ಲಿ ಸಣ್ಣಗೆ ಹಾಕಿಕೊಳ್ಳುತ್ತೇನೆ. ಹಾಡು ಹಾಕಿದರೆ ಪದಗಳೇ ಮತ್ತೆ ತಲೆಗೆ ಬರುತ್ತವೆ, ಹಾಗಾಗಿ ಹಾಡು ಬೇಡ.

ಇನ್ನು ಬಟನ್. ಕೆಳಗೆ ಹಾಳಾದ ಪೀಸಿಗೆ ಕಟ್ಟುವ ಕೆಂಪು ಟ್ಯಾಗ್ ಇರುತ್ತಲ್ಲ, ಅದನ್ನೇ ತಂದು ಮಾನಿಟರಿಗೆ ನೇತುಹಾಕಿದೆ. ಟ್ಯಾಗ್ ಇದ್ದಾಗ ನನ್ನನ್ನು ಕರೆಯಬೇಡಿ, ಹತ್ತಿರದವರು ಫೋನ್ ಬಂದರೆ ಮೆಟ್ಟಿಲ ಹತ್ತಿರ ಹೋಗಿ ಅಂತ ಒಪ್ಪಂದ. "ಅಣ್ಣಾ ರಿಜೆಕ್ಟ್ ಆಗ್ಯಾನ" ಅಂತ ಹುಡುಗರು ತಮಾಷೆ ಮಾಡಿದರು. ಮಾಡಲಿ. ಈಗ ಅಕೌಂಟ್ಸಿನ ಅಕ್ಕನೂ 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಹತ್ತಿರ ಬಂದಾಗ ಒಂದು ನೇತುಹಾಕುತ್ತಾರೆ. ವಿಚಿತ್ರ ಅಂದರೆ ನಾನು ಟ್ಯಾಗ್ ಹಾಕೋದೇ ಕಡಿಮೆ. ಡ್ರಾಯರಿನಲ್ಲಿ ಇದೆ, ಬೇಕಾದಾಗ ಹಾಕಬಹುದು ಅಂತ ಗೊತ್ತಿದ್ದರೆ ಅಕ್ಕನ ಸುರ್ರ್ ಕೇಳಿಸಿದರೂ ಪರವಾಗಿಲ್ಲ ಅನ್ನಿಸುತ್ತೆ. ಕೆಲವರಿಗೆ ಅಗಿಯುವ, ಹೀರುವ ಸದ್ದು ಕೇಳಿದರೆ ಮೈ ಉರಿದು ಎದ್ದು ಓಡಬೇಕು ಅನ್ನಿಸುವ ತೊಂದರೆ ಇರುತ್ತೆ, ಅದಕ್ಕೆ ಮಿಸೊಫೋನಿಯಾ ಅಂತಾರೆ. ಅವರಿಗೆ ಟ್ಯಾಗು, ಕಂಬಳಿ ಸಾಕಾಗಲ್ಲ, ಡಾಕ್ಟರ್ ಹತ್ತಿರ ಹೋಗಬೇಕು.

ಸಾಹೇಬರಿಗೆ ಒಂದು ಹಟ ಇತ್ತು. ಗೋಡೆ ಇಲ್ಲದಿದ್ದರೆ ಎಲ್ಲರೂ ಮಾತಾಡಿಕೊಂಡು ಕೆಲಸ ಮಾಡ್ತಾರೆ ಅಂತ. ಹಾರ್ವರ್ಡ್‌ನ ಸಂಶೋಧಕರು ಎರಡು ಕಂಪನಿಗಳಲ್ಲಿ ಗೋಡೆ ತೆಗೆಯುವ ಮೊದಲು ಮತ್ತು ತೆಗೆದ ಮೇಲೆ ಅಳೆದು 2018ರಲ್ಲಿ ಬರೆದಿದ್ದನ್ನು ಅವರಿಗೆ ತೋರಿಸಿದೆ. ಎದುರಾಬದುರು ಮಾತು ಸುಮಾರು ಶೇಕಡಾ 70 ಕಡಿಮೆಯಾಗಿತ್ತು, ಈಮೇಲ್ ಜಾಸ್ತಿಯಾಗಿತ್ತು. "ಅದು ಅಮೆರಿಕಾದಾಗ" ಅಂದರು. ಆದರೂ ಮೆಟ್ಟಿಲ ಕೆಳಗಿನ ಖಾಲಿ ಜಾಗದಲ್ಲಿ ಫೋನ್ ಮಾತಾಡಲು ಒಂದು ಸಣ್ಣ ಗೂಡು ಮಾಡಿಕೊಳ್ಳಿ, ಪ್ಯಾಕಿಂಗ್ ಕಟ್ಟಿಗೆಯಲ್ಲೇ ಆಗಬೇಕು ಅಂತ ಒಪ್ಪಿದ್ದಾರೆ. ಬಡಗಿ ಅಳತೆ ತಗೊಂಡು ಹೋಗಿದ್ದಾನೆ. ಬಾಗಿಲು ಮುಚ್ಚಿದರೆ ಒಳಗೆ ಸೆಕೆ, ಫ್ಯಾನ್ ಹಾಕಿದರೆ ಅದರ ಸದ್ದಿನಲ್ಲಿ ಕಾಕಾಗೆ ಮತ್ತೆ ಸಾಟ್ ಆಟ್ ತಿಳಿಯಲ್ಲ. ಮೇಲುಗಡೆ ಜಾಳಿ ಬಿಡೋಣ ಅಂತ ಬಡಗಿ ಅಂತಾನೆ, ಜಾಳಿ ಬಿಟ್ಟರೆ ದನಿಯೂ ಹೊರಗೆ ಬರುತ್ತೆ ಅಂತ ನಾನು. ಈ ವಾದ ಇನ್ನೂ ನಡೆದಿದೆ.