ಕಥೆ ಆಮೇಲೆ ಕೇಳಿ, ಮೊದಲು ಆಸ್ಪತ್ರೆ

ಪುಣೆಯ ಕೊಂಢ್ವಾದಲ್ಲಿ ನಾನು ಕೋಣೆ ಬಾಡಿಗೆಗೆ ಕೊಡುತ್ತೇನೆ. ಅಫ್ಘಾನಿಸ್ತಾನ, ಸುಡಾನ್, ಯೆಮೆನ್ ಬಿಟ್ಟು ಬಂದ ಹೆಂಗಸರೂ ಬರುತ್ತಾರೆ. ದಾರಿಯಲ್ಲಿ ದಲ್ಲಾಳಿ ಕಾಟ ಕೊಟ್ಟಿರುತ್ತಾನೆ, ಇಲ್ಲಿ ಗಂಡನೋ ನೆಂಟನೋ ಹೊಡೆಯುತ್ತಿರುತ್ತಾನೆ. ಅಂಥವಳು ಬಾಗಿಲು ತಟ್ಟಿದರೆ ಏನು ಮಾಡೋದು ಅಂತ ನಮ್ಮ ಕನ್ನಡದ ಗೆಳತಿಯರು ಕೇಳುತ್ತಿರುತ್ತಾರೆ.

"ಏನಾಯ್ತಮ್ಮ?" ಅಂತ ಕೂತು ಕೆದಕಬೇಡಿ. ಅತ್ಯಾಚಾರವಾಗಿದ್ದರೆ ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ನಿಲ್ಲದ ಹಾಗೆ ಕೊಡುವ ಮಾತ್ರೆಯೂ ಬೇಗ ತಗೊಂಡಷ್ಟು ಒಳ್ಳೆಯದು. ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಬೇಡ, ಕಾಗದದಲ್ಲಿ ಸುತ್ತಿಡಿ. ಇಂಥ ಪ್ರಕರಣದಲ್ಲಿ ಖಾಸಗಿ ಆಸ್ಪತ್ರೆಯೂ ಪುಕ್ಕಟೆ ನೋಡಲೇಬೇಕು, ಕಾನೂನೇ ಇದೆ. ಆದರೆ ಅವರು ಪೊಲೀಸರಿಗೆ ತಿಳಿಸುತ್ತಾರೆ. ಇದನ್ನು ಹೊರಡೋ ಮುಂಚೆಯೇ ಅವಳಿಗೆ ಹೇಳಿ. ವೀಸಾ ಮುಗಿದವಳಿಗೆ ಪೊಲೀಸ್ ಅಂದರೆ ಎದೆ ಝಲ್ ಅನ್ನುತ್ತೆ, ಅಲ್ವಾ? ಸುಮ್ನೆ "ಏನೂ ಆಗಲ್ಲ" ಅಂತ ಭರವಸೆ ಕೊಡಬೇಡಿ.

ದುಭಾಷಿಯ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಒಂದು ಆಸ್ಪತ್ರೆಯಲ್ಲಿ ಕಾಬೂಲಿನ ಹೆಂಗಸೊಬ್ಬಳು ಅಳುತ್ತಾ, ಕುತ್ತಿಗೆ ಮುಟ್ಟಿ ತೋರಿಸುತ್ತಾ ತುಂಬಾ ಹೊತ್ತು ಮಾತಾಡಿದಳು. ಹಿಂದಿ ಬಲ್ಲ ಮೈದುನ ಡಾಕ್ಟರಿಗೆ ಹೇಳಿದ್ದು ಒಂದೇ ಮಾತು: "ಮೆಟ್ಟಿಲಿಂದ ಬಿದ್ದಳಂತೆ." ಮನೆಯವರು ಬೇಡವೇ ಬೇಡ, ಮಕ್ಕಳಂತೂ ಬೇಡ. ಅವಳ ಭಾಷೆ ಬರುವ, ಅವಳೇ ಒಪ್ಪಿದ ಹೆಂಗಸನ್ನು ಹುಡುಕಿ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಅವರು ದೂರು ದಾಖಲಿಸಿಕೊಳ್ಳಬೇಕು, ಇದಕ್ಕೆ ಝೀರೋ ಎಫ್‌ಐಆರ್ ಅಂತಾರೆ. "ಪರದೇಶದವಳು" ಅಂತ ಮೂಗು ಮುರಿದರೆ ಹೌರಾ ಪ್ರಕರಣ ನೆನಪಿಸಿ. ಅಲ್ಲಿನ ರೈಲ್ವೆ ಯಾತ್ರಿ ನಿವಾಸದಲ್ಲಿ ಅತ್ಯಾಚಾರಕ್ಕೊಳಗಾದ ಬಾಂಗ್ಲಾದೇಶದ ಹೆಂಗಸಿಗೆ 10 ಲಕ್ಷ ಪರಿಹಾರ ಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2000ರಲ್ಲಿ ಎತ್ತಿಹಿಡಿಯಿತು. ಬದುಕುವ ಹಕ್ಕು ನಾಗರಿಕರಿಗಷ್ಟೇ ಅಲ್ಲ ಅಂದಿತು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಇನ್ನು ಆಶ್ರಯದ ಅರ್ಜಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಈ ದೇಶಗಳವರ ಅರ್ಜಿ ನೋಡುವುದು ದೆಹಲಿಯ ಯುಎನ್‌ಎಚ್‌ಸಿಆರ್, ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ. ಅಲ್ಲಿ ಫೀಸಿಲ್ಲ. ದುಡ್ಡಿಗೆ ನಿರಾಶ್ರಿತರ ಕಾರ್ಡ್ ಮಾಡಿಸಿಕೊಡ್ತೀನಿ ಅನ್ನುವವನನ್ನು ಹೊಸ್ತಿಲು ದಾಟಲು ಬಿಡಬೇಡಿ. ಗಂಡನ ಅರ್ಜಿಯಲ್ಲಿ ಅವಳ ಹೆಸರಿದ್ದರೂ, ನನ್ನನ್ನು ಒಬ್ಬಳನ್ನೇ ಮಾತಾಡಿಸಿ, ಹೆಂಗಸು ಅಧಿಕಾರಿ, ಹೆಂಗಸು ದುಭಾಷಿ ಬೇಕು ಅಂತ ಕೇಳಬಹುದು. ಆಸ್ಪತ್ರೆ ಕಾಗದ, ಎಫ್‌ಐಆರ್ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತವೆ. ಅವು ಗಂಡನ ಬ್ಯಾಗಿನಲ್ಲಿರಬಾರದು, ಅಷ್ಟೇ.

ಕೋಣೆ ಕೊಟ್ಟರೆ, ವಿದೇಶಿಯರು ತಂಗಿದ್ದನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ (ಮೊದಲು ಫಾರ್ಮ್ ಸಿ ಅನ್ನುತ್ತಿದ್ದರು) 24 ಗಂಟೆಯೊಳಗೆ ತುಂಬಿ, ಇಲ್ಲದಿದ್ದರೆ ತೊಂದರೆ ನಿಮಗೂ ಬರುತ್ತೆ. ಅಂದಹಾಗೆ, ಯಾರೇ ಫೋನ್ ಮಾಡಿ "ನಾನು ಅವಳ ಅಣ್ಣ" ಅಂದರೂ ವಿಳಾಸ ಹೇಳಬೇಡಿ.