ಮೋಟಾರು ಬಿಚ್ಚುವಾಗ ಗಿರಾಕಿ ಎದುರಿಗಿರಲಿ

ನಾನು ಹಳ್ಳಿಯಲ್ಲಿ ಮೋಟಾರು ವೈಂಡಿಂಗ್ ಮಾಡುತ್ತೇನೆ, ಅಂದರೆ ಸುಟ್ಟ ಮೋಟಾರಿನ ಒಳಗಿನ ತಾಮ್ರದ ತಂತಿ ತೆಗೆದು ಹೊಸದು ಸುತ್ತುತ್ತೇನೆ. ಬರುವುದು ಹೆಚ್ಚಾಗಿ ನೀರೆತ್ತುವ ಪಂಪಿನ ಮೋಟಾರುಗಳೇ. ಬಿಚ್ಚುವುದು, ಸುತ್ತುವುದು, ಲೆಕ್ಕ ಬರೆಯುವುದು, ಬೈಸಿಕೊಳ್ಳುವುದು ಎಲ್ಲಾ ನಾನೊಬ್ಬನೇ. ಕೆಲಸ ಶುರು ಮಾಡಿದ ಹೊಸದರಲ್ಲಿ ತಂತಿ ಸುತ್ತುವುದು ಚೆನ್ನಾಗಿ ಬಂದರೆ ಸಾಕು ಅಂದುಕೊಂಡಿದ್ದೆ. ಆದರೆ ರಾತ್ರಿ ನಿದ್ದೆ ಕೆಡಿಸಿದ್ದು ಯಾವತ್ತೂ ಮೋಟಾರಲ್ಲ, ಅದನ್ನು ತಂದ ಮನುಷ್ಯರು. ಇದೇ ಥರದ ಕೆಲಸ ಒಬ್ಬರೇ ಮಾಡುವವರಿಗೆ ಉಪಯೋಗವಾಗಬಹುದು ಅಂತ ನನ್ನ ಅನುಭವ ಬರೆಯುತ್ತಿದ್ದೇನೆ.

ಪೇಟೆಯಲ್ಲಿ ಗಿರಾಕಿ ಮುನಿಸಿಕೊಂಡರೆ ಬೇರೆ ಅಂಗಡಿಗೆ ಹೋಗುತ್ತಾನೆ, ಮತ್ತೆ ಮುಖ ನೋಡುವ ಪ್ರಸಂಗ ಬರುವುದಿಲ್ಲ. ಹಳ್ಳಿಯಲ್ಲಿ ಹಾಗಿಲ್ಲ. ಇವತ್ತು ಕೂಗಾಡಿದವರು ನಾಳೆ ಬೆಳಿಗ್ಗೆ ಅದೇ ದಾರಿಯಲ್ಲಿ ಎದುರು ಸಿಗುತ್ತಾರೆ. ಅವರ ಮಾವ, ಭಾವ, ಪಕ್ಕದ ಹೊಲದವರು ಎಲ್ಲರೂ ನನ್ನ ಗಿರಾಕಿಗಳೇ. ಒಂದು ಜಗಳ ಅಂದರೆ ಹತ್ತು ಮನೆಯ ಕೆಲಸದ ಮೇಲೆ ಪರಿಣಾಮ. ಹಾಗಂತ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾ ಹೋದರೆ ನನ್ನ ಮನೆ ನಡೆಯುವುದಿಲ್ಲ.

ಒಂದು ಮಾತು ತಡವಾಗಿ ತಿಳಿಯಿತು. ಮೋಟಾರು ಹೊತ್ತು ಬರುವವರು ನನ್ನ ಹತ್ತಿರ ತಲುಪುವ ಹೊತ್ತಿಗೆ ಆಗಲೇ ಅರ್ಧ ಸೋತಿರುತ್ತಾರೆ. ನೀರಿಲ್ಲದೆ ಪೈರು ಬಾಡುತ್ತಿರುತ್ತದೆ. ಬೋರಿನಿಂದ ಪಂಪು ಎತ್ತಿಸಲು ಜನ ಕರೆಸಿ ಖರ್ಚು ಮಾಡಿರುತ್ತಾರೆ. ರಿಪೇರಿ ಆದ ಮೇಲೆ ಇಳಿಸಲು ಮತ್ತೆ ಖರ್ಚಿದೆ. ಇದರ ನಡುವೆ ನಾನು ಒಂದು ಮೊತ್ತ ಹೇಳುತ್ತೇನೆ. ಆ ಸಿಟ್ಟು ಪೂರ್ತಿ ನನ್ನ ಮೇಲಿನದ್ದಲ್ಲ, ಆದರೆ ಎದುರಿಗೆ ಇರುವವನು ನಾನು ತಾನೇ. ಇದು ತಿಳಿದ ಮೇಲೆ ಕೂಗಾಟ ಕೇಳಿದಾಗ ನನಗೆ ಮೊದಲಿನಷ್ಟು ನೋವಾಗುವುದಿಲ್ಲ.

ಮೊದಲ ದೊಡ್ಡ ಜಗಳದಲ್ಲಿ ನಾನು ಸೋತೆ. ರೀವೈಂಡಿಂಗ್ ಮಾಡಿಕೊಟ್ಟ ಮೋಟಾರು 20 ದಿನಕ್ಕೇ ಸುಟ್ಟು ವಾಪಸ್ ಬಂತು. ತಂದವರು ಬಾಗಿಲಲ್ಲೇ ನಿಂತು, ನಾಲ್ಕು ಜನ ಕೇಳುವ ಹಾಗೆ, "ಕಳಪೆ ತಂತಿ ಹಾಕಿದ್ದೀಯ, ನನ್ನ ದುಡ್ಡು ವಾಪಸ್ ಕೊಡು" ಅಂದರು. ನಾನೂ ದನಿ ಏರಿಸಿದೆ. "ನನ್ನ ಕೆಲಸದಲ್ಲಿ ತಪ್ಪಿಲ್ಲ, ನೀವೇ ಏನೋ ಮಾಡಿಕೊಂಡಿದ್ದೀರಿ" ಅಂದೆ. ಮೋಟಾರು ಬಿಚ್ಚಿಯೇ ಇರಲಿಲ್ಲ! ಅವರು ಅದನ್ನು ಹೊತ್ತುಕೊಂಡು ಬೇರೆ ಕಡೆ ಹೋದರು. ಅಲ್ಲಿ ಬಿಚ್ಚಿದಾಗ ಏನು ಕಂಡಿತೋ ನನಗೆ ಗೊತ್ತಾಗಲೇ ಇಲ್ಲ. ನನ್ನದೇ ತಪ್ಪಿತ್ತೋ ಏನೋ, ಅದೂ ಗೊತ್ತಾಗಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತದೆ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಗಿರಾಕಿ ಎದುರಿಗಿಲ್ಲದೆ ಮೋಟಾರು ಬಿಚ್ಚುವುದಿಲ್ಲ. ಅವರು ಬರಲು ಆಗದಿದ್ದರೆ ಮನೆಯವರು ಯಾರಾದರೂ ಬರಲಿ. ಅದೂ ಆಗದಿದ್ದರೆ ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ಮಾಡಿ ಕಳಿಸುತ್ತೇನೆ.

ಸುಟ್ಟ ವೈಂಡಿಂಗ್ ತಾನೇ ಕಥೆ ಹೇಳುತ್ತದೆ. ಮೂರು ಫೇಸಿನ, ಅಂದರೆ ಮೂರು ತಂತಿಯಲ್ಲಿ ಕರೆಂಟು ಬರುವ ಮೋಟಾರಿನಲ್ಲಿ ಸ್ಟಾರ್ ಕನೆಕ್ಷನ್ (ಮೂರೂ ಫೇಸಿನ ಕಾಯಿಲುಗಳ ಒಂದೊಂದು ತುದಿ ಒಂದೇ ಕಡೆ ಸೇರಿರುವುದು) ಇದ್ದು ಓಡುವಾಗ ಒಂದು ಫೇಸ್ ಹೋದರೆ, ಉಳಿದ ಎರಡು ಫೇಸಿನ ಕಾಯಿಲುಗಳೇ ಪೂರ್ತಿ ಭಾರ ಹೊರಬೇಕು. ಆ ಎರಡರಲ್ಲಿ ಕರೆಂಟು ಸುಮಾರು 1.7 ಪಟ್ಟು ಏರುತ್ತದೆ. ಬಿಚ್ಚಿದಾಗ ಎರಡು ಫೇಸಿನ ಕಾಯಿಲು ಕಪ್ಪಾಗಿರುತ್ತವೆ, ಮೂರನೆಯದು ನಿನ್ನೆ ಸುತ್ತಿದ ಹಾಗೆ ಹೊಳೆಯುತ್ತಿರುತ್ತದೆ. ಡೆಲ್ಟಾ ಕನೆಕ್ಷನ್ನಿನಲ್ಲಿ (ಮೂರನ್ನೂ ತುದಿಗೆ ತುದಿ ಸೇರಿಸಿ ತ್ರಿಕೋನದ ಹಾಗೆ ಜೋಡಿಸಿದ್ದು) ಇದು ತಿರುವುಮುರುವು, ಒಂದು ಫೇಸ್ ಸುಟ್ಟು ಎರಡು ಚೆನ್ನಾಗಿರುತ್ತವೆ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಭಾರ ಜಾಸ್ತಿಯಾಗಿದೆ, ಇಲ್ಲವೇ ವೋಲ್ಟೇಜ್ ತೀರಾ ಕಡಿಮೆ ಬಂದಿದೆ, ಇಲ್ಲವೇ ಪಂಪು ಜಾಮ್ ಆಗಿ ಮೋಟಾರು ತಿರುಗದೆ ನಿಂತಿದೆ. ಒಂದೇ ಒಂದು ಕಡೆ ಸ್ಲಾಟಿನ (ತಂತಿ ಕೂರುವ ಕಬ್ಬಿಣದ ಸೀಳು) ಹತ್ತಿರ ಚುಕ್ಕೆಯ ಹಾಗೆ ಸುಟ್ಟಿದ್ದರೆ ಮೊದಲು ನನ್ನ ಕೈಯನ್ನೇ ಅನುಮಾನಿಸುತ್ತೇನೆ. ಸ್ಲಾಟ್ ಪೇಪರ್ ಸರಿ ಕೂರದೆ ಇರಬಹುದು, ತುರುಕುವಾಗ ತಂತಿಯ ಮೇಲಿನ ಎನಾಮೆಲ್ ಲೇಪ ಕೆರೆದು ಹೋಗಿರಬಹುದು.

ಇದನ್ನೆಲ್ಲ ಗಿರಾಕಿಗೆ ಬೆರಳಿಟ್ಟು ತೋರಿಸುತ್ತೇನೆ. ಪಾಠ ಹೇಳುವ ದನಿ ಬರಬಾರದು. "ನೋಡಿ ಅಣ್ಣಾ, ಇದು ಕಪ್ಪು, ಇದು ಕಪ್ಪು, ಇದು ಮಾತ್ರ ಹಾಗೇ ಇದೆ" ಅನ್ನುತ್ತೇನೆ, ಅಷ್ಟೇ. ತಂತಿ ಕಳಪೆ ಆಗಿದ್ದರೆ ಮೂರೂ ಹೋಗಬೇಕಿತ್ತಲ್ವಾ ಅಂತ ಎಷ್ಟೋ ಸಲ ಅವರೇ ಕೇಳುತ್ತಾರೆ. ಅವರ ಬಾಯಲ್ಲೇ ಆ ಮಾತು ಬಂದರೆ ಜಗಳ ಅಲ್ಲಿಗೆ ಅರ್ಧ ಇಳಿಯಿತು ಅಂತಲೇ ಲೆಕ್ಕ.

ಇಳಿಯದ ಜನರೂ ಇದ್ದಾರೆ. ಒಬ್ಬರು ಹೀಗೆಯೇ ವಾಪಸ್ ತಂದಿದ್ದರು. ಎರಡು ಫೇಸ್ ಕಪ್ಪು, ಒಂದು ಸರಿ. ತೋರಿಸಿದರೂ ಒಪ್ಪಲಿಲ್ಲ. ಅವರ ಜೊತೆಗೇ ಹೊಲಕ್ಕೆ ಹೋಗಿ ಸ್ಟಾರ್ಟರ್ ನೋಡಿದೆ. ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ಎಳೆಗಳನ್ನು ಹೊಸೆದು ಕಟ್ಟಿದ್ದರು. ಓವರ್‌ಲೋಡ್ ರಿಲೇಯ ಮುಳ್ಳನ್ನು ಕೊನೆಯ ತನಕ ತಿರುಗಿಸಿ ಇಟ್ಟಿದ್ದರು. ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸಬೇಕಾದದ್ದು ಈ ರಿಲೇಯೇ. ಅವರ ಮಗ ಪಕ್ಕದಲ್ಲೇ ಇದ್ದ. ತಿರುಗಿಸಿದ್ದು ಆ ಹುಡುಗನೇ ಅಂತ ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಲ್ಲಿ ಅದನ್ನು ಎತ್ತಿ ಆಡಿದ್ದರೆ ನಾನು ಗೆದ್ದ ಹಾಗೆ ಆಗುತ್ತಿತ್ತು, ಆದರೆ ಆ ಮನೆಯವರು ಮತ್ತೆ ನನ್ನ ಹತ್ತಿರ ಬರುತ್ತಿರಲಿಲ್ಲ. "ರಿಲೇ ಜರುಗಿದೆ, ಸರಿ ಮಾಡಿಕೊಡ್ತೀನಿ" ಅಂದೆ. ಮೋಟಾರಿನ ಪ್ಲೇಟಿನ ಮೇಲೆ ಬರೆದ ಆಂಪಿಯರಿಗೆ ರಿಲೇ ಹೊಂದಿಸಿದೆ, ಸರಿಯಾದ ಫ್ಯೂಸ್ ತಂತಿ ಹಾಕಿದೆ, ಹುಡುಗನಿಗೂ ತೋರಿಸಿಕೊಟ್ಟೆ.

ದುಡ್ಡಿನ ವಿಷಯಕ್ಕೆ ತಂತಿಯ ಬೆಲೆ ಮಾತ್ರ ತೆಗೆದುಕೊಂಡೆ, ಕೂಲಿ ಬಿಟ್ಟೆ. ಆದರೆ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದೆ: ಒಂದು ಫೇಸ್ ಹೋಗಿ ಸುಟ್ಟಿದೆ, ವೈಂಡಿಂಗ್ ದೋಷವಿಲ್ಲ. ದುಡ್ಡು ಬಿಡಬಹುದು. ಮಾಡದ ತಪ್ಪನ್ನು ಸುಮ್ನೆ ಒಪ್ಪಿಕೊಳ್ಳಬಾರದು. ಒಪ್ಪಿಕೊಂಡರೆ ಮುಂದೆ ಫೇಸ್ ಹೋಗಿ ಸುಟ್ಟ ಪ್ರತಿ ಮೋಟಾರೂ ನನ್ನ ತಲೆಗೇ ಬರುತ್ತದೆ.

ಕೂಗಾಡುತ್ತಾ ಬರುವವರ ವಿಷಯ. ಮೊದಲು ಕೈಯಲ್ಲಿರುವ ಸಾಮಾನು ಕೆಳಗಿಡುತ್ತೇನೆ. ಸ್ಪ್ಯಾನರ್ ಹಿಡಿದುಕೊಂಡೇ ಮಾತಾಡಿದರೆ ಅವರ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಅನ್ನಿಸುತ್ತದೆ. ಅವರು ಹೇಳಿ ಮುಗಿಸುವ ತನಕ ಒಂದು ಮಾತೂ ಆಡುವುದಿಲ್ಲ. ಆಮೇಲೆ ಮೂರೇ ಪ್ರಶ್ನೆ. ಯಾವ ಹೊತ್ತಲ್ಲಿ ನಿಂತಿತು? ನಿಲ್ಲುವ ಮೊದಲು ಸದ್ದು ಹೇಗಿತ್ತು? ಕರೆಂಟು ಹೋಗಿ ಬಂದಿತ್ತಾ? ಈ ಮೂರೂ ನನಗೆ ನಿಜಕ್ಕೂ ಬೇಕಾದ ವಿಷಯಗಳೇ. ಗುಂಯ್ ಅಂತ ಸದ್ದು ಮಾಡಿ ತಿರುಗದೆ ನಿಂತಿದ್ದರೆ ಒಂದು ದಾರಿ, ಕರಕರ ಅನ್ನುತ್ತಾ ನಿಂತಿದ್ದರೆ ಬೇರಿಂಗಿನ ದಾರಿ. ಆದರೆ ಇನ್ನೊಂದು ಉಪಯೋಗವೂ ಇದೆ. ನೆನಪು ಮಾಡಿಕೊಂಡು ಹೇಳುವಾಗ ಮನುಷ್ಯನಿಗೆ ಕೂಗಲು ಆಗುವುದಿಲ್ಲ.

ಇನ್ನು ತಾಮ್ರದ ಅನುಮಾನ. ನನ್ನ ಕೆಲಸದಲ್ಲಿ ಬಾಯಿಬಿಟ್ಟು ಹೇಳದ ಜಗಳವೆಂದರೆ ಇದೇ. ಹಳೇ ತಾಮ್ರಕ್ಕೆ ಬೆಲೆಯಿದೆ, ಅದನ್ನು ನಾನು ಇಟ್ಟುಕೊಂಡೆನಾ? ಹೊಸ ತಂತಿ ತೆಳ್ಳಗಿನದ್ದು ಹಾಕಿದೆನಾ? ಯಾರೂ ನೇರ ಕೇಳುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡು ಇನ್ನೊಬ್ಬರ ಹತ್ತಿರ ಹೇಳುತ್ತಾರೆ. ಅವರು ಹಾಗೆ ಯೋಚಿಸುವುದೂ ತಪ್ಪಲ್ಲ. ಸಣ್ಣ ತಂತಿ ಹಾಕಿದರೆ ಮೋಟಾರು ಓಡುತ್ತದೆ, ಆದರೆ ಬಿಸಿ ಜಾಸ್ತಿ. ವೈಂಡಿಂಗ್ ಸಹಿಸುವ ಮಟ್ಟಕ್ಕಿಂತ ಬಿಸಿ 10 ಡಿಗ್ರಿ ಏರಿದರೆ ಇನ್ಸುಲೇಶನ್ನಿನ, ಅಂದರೆ ತಂತಿಯ ರಕ್ಷಣೆಯ ಹೊದಿಕೆಯ, ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದಲ್ಲಿ ಹಳೇ ಲೆಕ್ಕ. ಕೊಟ್ಟ ದಿನ ಗೊತ್ತಾಗುವುದಿಲ್ಲ, ಒಂದೆರಡು ಬೆಳೆ ಕಳೆದ ಮೇಲೆ ಗೊತ್ತಾಗುತ್ತದೆ.

ಹಾಗಾಗಿ ಕೇಳುವ ಮೊದಲೇ ತೋರಿಸುತ್ತೇನೆ. ಹಳೇ ತಂತಿಯ ಒಂದು ತುಂಡಿನ ಮೇಲಿನ ಎನಾಮೆಲ್ ತೆಗೆದು, ಅವರ ಎದುರೇ ಮೈಕ್ರೋಮೀಟರಿನಲ್ಲಿ ಅಳೆಯುತ್ತೇನೆ. ಒಂದು ಕಾಯಿಲಿನ ಸುತ್ತು ಎಣಿಸಿ ಬರೆಯುತ್ತೇನೆ. ಹೊಸ ತಂತಿಯನ್ನೂ ಹಾಗೆಯೇ ಅಳೆದು ತೋರಿಸುತ್ತೇನೆ. ಬಿಚ್ಚಿದ ತಾಮ್ರವನ್ನು ತೂಗಿ, ಚೀಲಕ್ಕೆ ಹಾಕಿ, ಮೋಟಾರಿನ ಜೊತೆಗೇ ಕಟ್ಟಿ ಇಡುತ್ತೇನೆ. ಬೇಕಾದರೆ ಅವರೇ ಒಯ್ಯಲಿ. ನನಗೇ ಕೊಡುತ್ತೇನೆ ಅಂದರೆ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದು ಬರೆಯುತ್ತೇನೆ. ಈ ತೂಕ, ಅಳತೆಗೆ ಒಂದು ಕಾಲು ಗಂಟೆ ಹಿಡಿಯುತ್ತದೆ. ನಾನು ಮಾಡಿದ ಬದಲಾವಣೆಗಳಲ್ಲಿ ಇದರಷ್ಟು ಫಲ ಕೊಟ್ಟದ್ದು ಬೇರೆ ಇಲ್ಲ.

ಅವಸರ ಮಾಡುವವರ ಮುಂದೆ ಗಟ್ಟಿಯಾಗಿ ನಿಲ್ಲುವುದು ನನಗೆ ಈಗಲೂ ಕಷ್ಟ. ಬಾಡಿದ ಪೈರು ನೋಡಿ ಬಂದವರಿಗೆ "ನಾಳಿದ್ದು ಬನ್ನಿ" ಅನ್ನಲು ಬಾಯಿ ಬರುವುದಿಲ್ಲ. ಒಮ್ಮೆ ಹೀಗೇ ಮಣಿದು, ವಾರ್ನಿಶ್ ಪೂರ್ತಿ ಒಣಗುವ ಮೊದಲೇ ಮೋಟಾರು ಕೊಟ್ಟೆ. ಸರಿಯಾಗಿ ಬಿಗಿಯದ ತಂತಿಗಳು ಓಡುವಾಗ ಒಂದಕ್ಕೊಂದು ಉಜ್ಜಿದವು, ಒಳಗೆ ಶಾರ್ಟ್ ಆಯಿತು. ಅವರಿಗೆ ಎರಡು ದಿನ ಉಳಿಸಲು ಹೋಗಿ ಹತ್ತು ದಿನ ಕಳೆದೆ. ತಪ್ಪು ನನ್ನದು ಅಂತ ಅವರ ಮನೆಗೇ ಹೋಗಿ ಹೇಳಿದೆ. ಹೊಸದಾಗಿ ಸುತ್ತಿ, ಇಳಿಸಿ ಎತ್ತಿದ ಖರ್ಚನ್ನೂ ನಾನೇ ಕೊಟ್ಟೆ. ಅವರು ಆಮೇಲೆ ನನ್ನ ಹತ್ತಿರ ಬರಲಿಲ್ಲ. ಬರಬೇಕು ಅಂತ ನಾನೂ ಕೇಳಲಿಲ್ಲ.

ಈಗ ಅವಸರದವರಿಗೆ ಕೆಲಸದ ಹೆಜ್ಜೆ ಹೇಳುತ್ತೇನೆ. ಇವತ್ತು ಹಳೇ ತಂತಿ ಕಿತ್ತು ಸ್ಲಾಟ್ ಸ್ವಚ್ಛ ಮಾಡುವುದು, ನಾಳೆ ಸುತ್ತಿ ಕೂರಿಸುವುದು, ಆಮೇಲೆ ವಾರ್ನಿಶ್, ಒಣಗಿದ ಮೇಲೆ ಮೆಗ್ಗರ್ ಟೆಸ್ಟ್, ಅಂದರೆ ವೈಂಡಿಂಗಿನಿಂದ ಮೋಟಾರಿನ ಮೈಗೆ ಕರೆಂಟು ಸೋರುತ್ತದಾ ಅಂತ ನೋಡುವುದು. ಮೆಗ್ಗರಿನಲ್ಲಿ ರೀಡಿಂಗ್ ಸರಿ ಬರದೆ ಮೋಟಾರು ಹೊರಗೆ ಹೋಗುವುದಿಲ್ಲ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ದಿನ ಹೇಳುವಾಗ ಒಂದು ದಿನ ಸೇರಿಸಿಯೇ ಹೇಳುತ್ತೇನೆ. ತಡವಾಗುವಂತಿದ್ದರೆ ಅವರು ಫೋನ್ ಮಾಡುವ ಮೊದಲೇ ನಾನು ಮಾಡುತ್ತೇನೆ. ತುಂಬಾ ತುರ್ತು ಇದ್ದವರಿಗಾಗಿ ಒಂದು ಹಳೇ ಮೋಟಾರು ಸರಿ ಮಾಡಿ ಇಟ್ಟಿದ್ದೇನೆ. ಅವರ ಪಂಪಿಗೆ ಹೊಂದಿದರೆ ನಾಲ್ಕು ದಿನದ ಮಟ್ಟಿಗೆ ಕೊಡುತ್ತೇನೆ.

ಸಾಲದ ವಿಷಯಕ್ಕೆ ನನ್ನದು ಒಂದೇ ನಿಯಮ. ಸಾಮಾನಿನ ದುಡ್ಡು ಮೊದಲು, ಕೂಲಿ ಆಮೇಲೆ. ತಂತಿ, ಬೇರಿಂಗು ನಾನು ಕೈಯಿಂದ ದುಡ್ಡು ಕೊಟ್ಟು ತರಬೇಕು. ನನ್ನ ದುಡಿಮೆಯನ್ನು ಸಾಲ ಕೊಡಬಲ್ಲೆ, ಅಂಗಡಿಯವರ ಸಾಮಾನನ್ನು ಕೊಡಲಾರೆ. ಹೀಗೆ ಬಿಡಿಸಿ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. "ಫಸಲು ಬಂದ ಮೇಲೆ" ಅಂದರೆ ಯಾವ ವಾರ ಅಂತ ಕೇಳಿ ಪುಸ್ತಕದಲ್ಲಿ ಬರೆದು, ಅವರ ಸಹಿ ಹಾಕಿಸುತ್ತೇನೆ. ಬಾಕಿಯನ್ನು ನಾಲ್ಕು ಜನರ ಮುಂದೆ ಯಾವತ್ತೂ ಕೇಳುವುದಿಲ್ಲ. ಒಬ್ಬರೇ ಸಿಕ್ಕಾಗ ಕೇಳುತ್ತೇನೆ. ನೆಂಟರಿಗೂ ಇದೇ ನಿಯಮ. ಇದರಿಂದ ಇಬ್ಬರು ನೆಂಟರು ಮುನಿಸಿಕೊಂಡಿದ್ದಾರೆ.

ಕೆಲವು ಕೆಲಸ ಬೇಡ ಅನ್ನಲೇಬೇಕು. "ರಿಲೇ ಪದೇ ಪದೇ ಬೀಳುತ್ತೆ, ತೆಗೆದು ಡೈರೆಕ್ಟ್ ಕೊಟ್ಟುಬಿಡು" ಅನ್ನುವವರಿದ್ದಾರೆ. ಅರ್ಥಿಂಗ್ ತಂತಿ ಯಾಕೆ ಬೇಕು, ಸುಮ್ನೆ ಖರ್ಚು ಅನ್ನುವವರಿದ್ದಾರೆ. ಇಲ್ಲಿ ನಾನು ಮಾತು ಮೃದು ಮಾಡುವುದಿಲ್ಲ. ಹಸಿ ನೆಲ, ಬರಿಗಾಲು, ಕಬ್ಬಿಣದ ಪೈಪು. ಮೋಟಾರಿನ ಮೈಗೆ ಕರೆಂಟು ಬಂದರೆ ಮೊದಲು ಮುಟ್ಟುವವರು ಅವರ ಮನೆಯವರೇ. "ಬೇರೆಯವರು ಮಾಡಿಕೊಡ್ತಾರೆ" ಅಂದರು ಒಬ್ಬರು. "ಮಾಡಲಿ ಅಣ್ಣಾ, ನಾನು ಮಾಡಲ್ಲ, ನೀವೂ ಮಾಡಿಸಬೇಡಿ" ಅಂದೆ. ಆ ಗಿರಾಕಿ ಹೋದರು. ಅದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಮೋಟಾರು ಕೂರಿಸಿ ಶುರು ಮಾಡಿದಾಗ ಮೂರೂ ಫೇಸಿನ ಆಂಪಿಯರ್ ಅಳೆದು ಚೀಟಿಯ ಹಿಂದೆ ಬರೆಯುತ್ತೇನೆ, ವೋಲ್ಟೇಜ್ ಸಹ. ಒಂದು ಪ್ರತಿ ಅವರಿಗೆ, ಒಂದು ನನಗೆ. ನಾಳೆ ಏನಾದರೂ ಆದರೆ ಇಬ್ಬರೂ ಆ ಅಂಕಿಯಿಂದಲೇ ಮಾತು ಶುರು ಮಾಡಬಹುದು. ಏಳನೇ ದಿನ ನಾನೇ ಫೋನ್ ಮಾಡಿ ಆಂಪಿಯರ್ ಮೀಟರಿನಲ್ಲಿ ಎಷ್ಟು ತೋರಿಸುತ್ತಿದೆ ಅಂತ ಕೇಳುತ್ತೇನೆ. ಹೆಚ್ಚು ಜನ "ಚೆನ್ನಾಗಿ ಓಡ್ತಿದೆ" ಅಂದು ಇಟ್ಟುಬಿಡುತ್ತಾರೆ. ಎಲ್ಲೋ ಒಬ್ಬರು "ಸ್ವಲ್ಪ ಬಿಸಿಯಾಗ್ತಿದೆ ಕಣಪ್ಪಾ" ಅನ್ನುತ್ತಾರೆ. ಅವತ್ತೇ, ತಂತಿ ಬಿಚ್ಚದೆ ಆಂಪಿಯರ್ ಅಳೆಯುವ ಕ್ಲಾಂಪ್ ಮೀಟರ್ ತೆಗೆದುಕೊಂಡು ಹೊರಡುತ್ತೇನೆ. ಇವತ್ತು ಫೋನ್ ಮಾಡಬೇಕಾದ ಮೂವರ ಹೆಸರು ಪುಸ್ತಕದಲ್ಲಿದೆ. ಅದರಲ್ಲಿ ಒಬ್ಬರು ರಿಲೇ ತಿರುಗಿಸಿದ ಆ ಹುಡುಗನ ತಂದೆ.